ಉಳಿದ ನೆಲವನ್ನು ಅಳೆದ ಮಹಾವೀರಾಚಾರ್ಯ

ಮಹಾಪುರುಷರ ಜೀವನಚರಿತ್ರೆ ಎಂದೊಡನೆ ಹುಟ್ಟಿದ ಊರು, ತಾಯಿತಂದೆಗಳ ಹೆಸರು, ಬಾಲ್ಯದ ಸಂಗತಿಗಳು, ಅಂತ್ಯಕಾಲ ಇವೆಲ್ಲವನ್ನೂ ವಾಚಕರು ನಿರೀಕ್ಷಿಸುವುದು ಸಹಜ. ಈ ಲೇಖನದಲ್ಲಿ ನಾನು ಪರಿಚಯಿಸಲು ಹೊರಟಿರುವ ಮಹಾವೀರಾಚಾರ್ಯನು ಇವುಗಳಲ್ಲಿ ಒಂದನ್ನೂ ನಮಗಾಗಿ ಬರೆದಿಟ್ಟು ಹೋಗಲಿಲ್ಲ. ತನ್ನ ಗ್ರಂಥದಲ್ಲಿ ಆತನು ತನ್ನ ಊರನ್ನು ಹೇಳಲಿಲ್ಲ, ತಂದೆಯನ್ನು ಹೆಸರಿಸಲಿಲ್ಲ, ತನ್ನ ಕಷ್ಟಸುಖಗಳ ಮಾತನ್ನಂತೂ ಎತ್ತಲೇ ಇಲ್ಲ. ಹಾಗಿದ್ದರೂ ಸಾವಿರದ ನೂರೈವತ್ತು ವರ್ಷಗಳಿಗೂ ಮೀರಿ ಆತನ ಹೆಸರು ಅಳಿಯದೆ ನಿಂತಿದೆ. ಗಣಿತಶಾಸ್ತ್ರದ ಇತಿಹಾಸವನ್ನು ಯಾವ ದೇಶದವರೇ ಬರೆಯಲಿ, ನಮ್ಮ ಕನ್ನಡ ನಾಡಿನ ಈ ಪಂಡಿತನ ಮುಂದೆ ಒಂದಿಷ್ಟು ಹೊತ್ತು ನಿಲ್ಲದೆ ಮುಂದೆ ಹೋಗುವಂತಿಲ್ಲ.

ಹತ್ತನೆಯ ತರಗತಿಯನ್ನು ದಾಟಿ ಬಂದ ನಮಗೆಲ್ಲ ಒಂದು ಬಗೆಯ ಲೆಕ್ಕ ಚೆನ್ನಾಗಿ ನೆನಪಿದೆ. ಒಂದು ಚೌಕ, ಅದರ ಒಳಗೆ ಅಂಚಿಗೆ ತಾಗುವ ಒಂದು ವೃತ್ತ. ಮೂಲೆಗಳಿಗೆ ಪೆನ್ಸಿಲಿನಿಂದ ಛಾಯೆ ಹಚ್ಚಿರುತ್ತಾರೆ. ಆ ಛಾಯೆಗೊಳಿಸಿದ ಭಾಗದ ವಿಸ್ತೀರ್ಣವನ್ನು ಕಂಡುಹಿಡಿಯಬೇಕು. ಕಲಾ ವಿಭಾಗಕ್ಕೆ ಬಂದಮೇಲೆ ನಮ್ಮಲ್ಲಿ ಬಹುಮಂದಿ ಅಂಥ ಲೆಕ್ಕಗಳಿಗೆ ಕೈಮುಗಿದು ವಿದಾಯ ಹೇಳಿದ್ದೇವೆ. ನನ್ನ ವಿಷಯವೂ ಇತಿಹಾಸವೇ ಹೊರತು ಗಣಿತವಲ್ಲ. ಆದರೆ ರಾಷ್ಟ್ರಕೂಟರ ಇತಿಹಾಸವನ್ನು ಓದುತ್ತ ಹೋದಾಗ, ಈ ಛಾಯೆಯ ಲೆಕ್ಕವನ್ನು ನೃಪತುಂಗನ ಕಾಲದಲ್ಲಿಯೇ ಸೂತ್ರರೂಪವಾಗಿ ಬರೆದಿಟ್ಟ ಒಬ್ಬ ಆಚಾರ್ಯನು ಎದುರಾದನು. ಆತನ ಪರಿಚಯವಾದಮೇಲೆ ಈ ಲೆಕ್ಕ ಪರೀಕ್ಷೆಗಾಗಿ ಹುಟ್ಟಿದ್ದಲ್ಲ, ಬಾಳಿಗಾಗಿ ಹುಟ್ಟಿದ್ದು ಎಂಬುದು ನನಗೆ ಮನದಟ್ಟಾಯಿತು.

ಆತನ ಕಾಲವನ್ನು ಗೊತ್ತುಮಾಡಲು ಆತನ ಗ್ರಂಥದ ಮೊದಲ ಶ್ಲೋಕಗಳೇ ಸಾಧನ. ಸಂಖ್ಯಾಜ್ಞಾನವೆಂಬ ದೀಪದಿಂದ ಜಗತ್ತನ್ನು ಬೆಳಗಿದ ಜಿನೇಂದ್ರ ಮಹಾವೀರನಿಗೆ ನಮಸ್ಕರಿಸಿದ ಅನಂತರ ಆತನು ಅಮೋಘವರ್ಷ ನೃಪತುಂಗನನ್ನು ಹಾಡಿ ಹೊಗಳುತ್ತಾನೆ. ಈ ದೊರೆ ಕ್ರಿ.ಶ. ೮೧೪ರಿಂದ ಸುಮಾರು ೮೭೮ರವರೆಗೆ ಆಳಿದವನು. ಈಗ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವೇ ಆತನ ರಾಜಧಾನಿಯಾದ ಮಾನ್ಯಖೇಟ. ಹೀಗಾಗಿ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಸುಮಾರು ೮೫೦ರ ಕೃತಿಯೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಶ್ರೀವಿಜಯನು ಕವಿರಾಜಮಾರ್ಗವನ್ನು ರಚಿಸಿ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಗುರುತಿಸಿದ್ದು ಅದೇ ಕಾಲದಲ್ಲಿ. ಜಿನಸೇನಾಚಾರ್ಯನು ಆದಿಪುರಾಣವನ್ನು ಬರೆದದ್ದು ಅದೇ ಕಾಲದಲ್ಲಿ. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ದೊರೆಯ ಹೆಸರನ್ನೇ ಸೇರಿಸಿ ಅಮೋಘವೃತ್ತಿಯೆಂದು ಕರೆದದ್ದೂ ಅದೇ ಕಾಲದಲ್ಲಿ. ಕಾವ್ಯ, ಪುರಾಣ, ವ್ಯಾಕರಣ, ಗಣಿತ ಇವು ನಾಲ್ಕೂ ಒಬ್ಬನೇ ದೊರೆಯ ನೆರಳಿನಲ್ಲಿ ಬೆಳೆದವೆಂಬುದನ್ನು ನೆನೆದರೆ ಕಲೆ, ವಿಜ್ಞಾನ ಎಂದು ನಾವು ಇಂದು ಹಾಕಿಕೊಂಡಿರುವ ಬೇಲಿ ಬಹಳ ಹೊಸದೆಂದು ತಿಳಿಯುತ್ತದೆ.

ಮಾನ್ಯಖೇಟವು ನಮ್ಮ ಹಾವೇರಿಗೆ ದೂರ ನಿಜ. ಆದರೆ ಆ ಕಾಲದ ಚರಿತ್ರೆಯಲ್ಲಿ ನಮ್ಮ ನೆಲಕ್ಕೆ ಸ್ಥಾನವಿಲ್ಲದೆ ಇಲ್ಲ. ಅಂದು ಈ ಪ್ರದೇಶವು ಬನವಾಸಿ ಹನ್ನೆರಡು ಸಾವಿರವೆಂಬ ನಾಡಿಗೆ ಸೇರಿದ್ದು, ಅದನ್ನು ಆಳುತ್ತಿದ್ದವನು ಅಮೋಘವರ್ಷನ ನಂಬಿಕೆಯ ಸಾಮಂತನಾದ ಚೆಲ್ಲಕೇತನ ವಂಶದ ಬಂಕೆಯ. ೮೬೦ರಲ್ಲಿ ಈ ಬಂಕೆಯನ ಕೋರಿಕೆಯಂತೆ ಅಮೋಘವರ್ಷನು ಕೊಳನೂರಿನ ಬಸದಿಗೆ ತಳೆಯೂರು ಗ್ರಾಮವನ್ನು ದಾನವಿತ್ತ ಸಂಗತಿಯನ್ನು ಕೊಣ್ಣೂರಿನ ಶಾಸನ ತಿಳಿಸುತ್ತದೆ. ನಮ್ಮ ಜಿಲ್ಲೆಯ ಬಂಕಾಪುರ ಬಂಕೆಯನ ಹೆಸರಿನಿಂದಲೇ ಆದ ಊರು. ಗುಣಭದ್ರಾಚಾರ್ಯನ ಉತ್ತರಪುರಾಣಕ್ಕೆ ಶಕ ೮೨೦ರಲ್ಲಿ ಪೂಜೆ ಸಂದದ್ದು ಬಂಕೆಯನ ಮಗ ಲೋಕಾದಿತ್ಯನು ಆಳುತ್ತಿದ್ದ ಈ ಬಂಕಾಪುರದಲ್ಲಿ. ಆದುದರಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಿಂದ ಬಂದು ಈ ಕಾಲೇಜಿನಲ್ಲಿ ಕೂಡಿರುವ ನಾವು ಮಹಾವೀರಾಚಾರ್ಯನನ್ನು ನಮ್ಮವನೆಂದು ಕರೆದರೆ ಅದು ಬರಿಯ ಅಭಿಮಾನದ ಮಾತಾಗಲಾರದು.

ತನ್ನ ವಿಷಯವನ್ನು ಬಚ್ಚಿಟ್ಟ ಆತನು ತನ್ನ ಶಾಸ್ತ್ರದ ವಿಷಯದಲ್ಲಿ ಮಾತ್ರ ಉದಾರಿ. ಲೌಕಿಕ, ವೈದಿಕ, ಸಾಮಯಿಕ ವ್ಯವಹಾರಗಳಲ್ಲೆಲ್ಲ ಗಣಿತ ಬೇಕೇ ಬೇಕೆಂದು ಆತನು ಪ್ರಾರಂಭದಲ್ಲಿಯೇ ಸಾರುತ್ತಾನೆ. ಆತನು ಕೊಡುವ ಪಟ್ಟಿಯನ್ನು ಕಲಾ ವಿದ್ಯಾರ್ಥಿಗಳಾದ ನಾವು ಗಮನವಿಟ್ಟು ನೋಡಬೇಕು. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣ ಇವುಗಳಿಗೆಲ್ಲ ಗಣಿತವೇ ಆಸರೆಯಂತೆ. ಸೂರ್ಯಚಂದ್ರರ ಗತಿಯೂ ಗ್ರಹಣವೂ ಅದರಿಂದಲೇ ತಿಳಿಯತಕ್ಕವು. ಕೊನೆಗೆ ಚರಾಚರವಾದ ಮೂರು ಲೋಕದಲ್ಲಿ ಯಾವ ವಸ್ತುವೂ ಗಣಿತವನ್ನು ಬಿಟ್ಟು ಇರಲಾರದೆಂದು ಆತನ ನಿಶ್ಚಯ. ಇಷ್ಟು ಹೇಳಿದವನು ತನ್ನ ಪಾಲಿಗೆ ಯಾವ ಹಿರಿಮೆಯನ್ನೂ ಉಳಿಸಿಕೊಳ್ಳುವುದಿಲ್ಲ. ಸಮುದ್ರದಿಂದ ರತ್ನವನ್ನೂ ಕಲ್ಲಿನಿಂದ ಚಿನ್ನವನ್ನೂ ಸಿಂಪಿಯಿಂದ ಮುತ್ತನ್ನೂ ತೆಗೆಯುವಂತೆ ಹಿಂದಿನ ಗುರುಗಳ ಜ್ಞಾನದಿಂದ ಸಾರವನ್ನಷ್ಟೆ ಆರಿಸಿ ತಂದಿದ್ದೇನೆಂಬುದು ಆತನ ವಿನಯ. ಗ್ರಂಥದ ಹೆಸರು ಸಾರಸಂಗ್ರಹವಾದದ್ದೂ ಆ ಕಾರಣದಿಂದಲೇ.

ಸಂಸ್ಕೃತ ಶ್ಲೋಕಗಳಲ್ಲಿರುವ ಈ ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳಿವೆ. ಗುಣಾಕಾರ ಭಾಗಾಕಾರಗಳಿಂದ ಮೊದಲಾಗಿ ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಪಾಲುಗಾರಿಕೆ, ಭೂಮಿಯ ಅಳತೆ, ಹಗೇವಿನಂಥ ಗುಂಡಿಗಳ ಅಳತೆ, ಕೊನೆಗೆ ನೆರಳಿನ ಲೆಕ್ಕದವರೆಗೆ ಅದರ ಹರಹು. ಅದರ ಪ್ರಶ್ನೆಗಳಲ್ಲಿ ದುಂಬಿಗಳು ಹೂವಿಗೆ ಎರಗುತ್ತವೆ, ಆನೆಗಳ ಹಿಂಡು ಕಾಡಿನಲ್ಲಿ ಚದರುತ್ತದೆ, ಮುನಿಸಿನಲ್ಲಿ ಹರಿದ ಮುತ್ತಿನ ಹಾರದ ಮಣಿಗಳು ನೆಲದ ಮೇಲೆ ಉರುಳುತ್ತವೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ೧೧೧೧೧೧೧೧ ಎಂದು ನಿಲ್ಲುತ್ತವೆ. ಎತ್ತಲಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಆತನು ಕೊರಳಹಾರಗಳೆಂದು ಭಾವಿಸಿ ಸಂತೋಷಪಡುತ್ತಾನೆ. ಯಾಲಕ್ಕಿ ಹಾರ ಕಟ್ಟುವ ಹಾವೇರಿಯವರಿಗೆ ಈ ಅಂಕಿಯ ಹಾರದ ಅಂದವನ್ನು ಬೇರೆ ಬಣ್ಣಿಸಬೇಕಾಗಿಲ್ಲ.

ಆದರೆ ನನ್ನನ್ನು ಬಹುವಾಗಿ ಸೆಳೆದದ್ದು ಏಳನೆಯದಾದ ಕ್ಷೇತ್ರಗಣಿತದ ಅಧ್ಯಾಯ. ತ್ರಿಕೋನ, ಚತುರ್ಭುಜ, ವೃತ್ತಗಳನ್ನು ಅಳೆಯುವುದು ಆತನಿಗೆ ಮೊದಲೇ ಇದ್ದ ವಿದ್ಯೆ. ೬೨೮ರಲ್ಲಿ ಬ್ರಹ್ಮಗುಪ್ತನು ಅದನ್ನು ಬಹುದೂರ ಕೊಂಡೊಯ್ದಿದ್ದನು. ಮಹಾವೀರಾಚಾರ್ಯನ ವಿಶೇಷವೆಂದರೆ ಒಂದರಲ್ಲಿ ಒಂದನ್ನು ಕಳೆದಮೇಲೆ ಉಳಿಯುವ ಆಕಾರಗಳ ಮೇಲೆ ಆತನಿಟ್ಟ ಕಣ್ಣು. ಚಕ್ಕಡಿಯ ಗಾಲಿಯ ಸುತ್ತಿನಂತೆ ಎರಡು ವೃತ್ತಗಳ ನಡುವೆ ಉಳಿಯುವ ಪಟ್ಟಿಯನ್ನು ಆತನು ಅಳೆಯುತ್ತಾನೆ. ಆಯತಕ್ಕೆ ಎರಡು ಕರ್ಣಗಳನ್ನು ಎಳೆದು, ಎದುರುಬದುರಿನ ಎರಡು ತ್ರಿಕೋನಗಳನ್ನು ತೆಗೆದರೆ ಎಷ್ಟು, ಒಂದನ್ನೇ ತೆಗೆದರೆ ಎಷ್ಟು ಎಂದು ಕೇಳುತ್ತಾನೆ. ಮೊದಲನೆಯದರಲ್ಲಿ ಅರ್ಧ, ಎರಡನೆಯದರಲ್ಲಿ ಮುಕ್ಕಾಲು ಉಳಿಯುವುದೆಂಬುದು ಉತ್ತರ. ಜವೆಯ ಕಾಳು, ಮೃದಂಗ, ವಜ್ರಾಯುಧ ಇವುಗಳ ಆಕಾರದ ಕ್ಷೇತ್ರಗಳೂ ಆತನ ಲೆಕ್ಕಕ್ಕೆ ಬಂದಿವೆ.

ಪಟ್ಟಿಯ ಲೆಕ್ಕವನ್ನು ನಮ್ಮ ಹೊಲದ ಬಾವಿಗೆ ಅನ್ವಯಿಸಿ ನೋಡೋಣ. ಬಾವಿಯ ಬಾಯಿಯ ಅಗಲ ೧೨ ಅಡಿ, ಸುತ್ತಲಿನ ಕಟ್ಟೆಯ ದಪ್ಪ ೨ ಅಡಿ ಎನ್ನಿ. ದೊಡ್ಡ ವೃತ್ತದಿಂದ ಸಣ್ಣ ವೃತ್ತವನ್ನು ಕಳೆಯುವ ಶ್ರಮವಿಲ್ಲದೆ, ಅಗಲಕ್ಕೆ ದಪ್ಪವನ್ನು ಕೂಡಿಸಿ, ಬಂದ ೧೪ನ್ನು ದಪ್ಪದಿಂದಲೂ ಪರಿಧಿಯ ಅಂಕದಿಂದಲೂ ಗುಣಿಸಿರೆಂದು ಆಚಾರ್ಯನು ಹೇಳುತ್ತಾನೆ. ಇಂದಿನ ಶಾಲೆಯ ೨೨/೭ನ್ನು ಹಿಡಿದರೆ ಉತ್ತರ ೮೮ ಚದರ ಅಡಿ. ದೊಡ್ಡದರಲ್ಲಿ ಸಣ್ಣದನ್ನು ಕಳೆದು ನೋಡಿದರೂ ಅಷ್ಟೇ ಬರುತ್ತದೆ.

ಇನ್ನು ಒಂದಕ್ಕೊಂದು ತಾಗುವ ವೃತ್ತಗಳ ನಡುವಣ ಜಾಗ. ನಾಲ್ಕು ಸಮನಾದ ಜೋಳದ ರೊಟ್ಟಿಗಳನ್ನು ಒಂದಕ್ಕೊಂದು ತಾಗುವಂತೆ ಚೌಕವಾಗಿ ಹರವಿದರೆ ನಡುವೆ ಒಂದು ನಾಲ್ಕು ಮೂಲೆಯ ತೆರಪು ಉಳಿಯುತ್ತದೆ. ಅದರ ಅಂಚುಗಳೆಲ್ಲ ಒಳಕ್ಕೆ ಬಾಗಿದವು. ನೇರವಾಗಿ ಅಳೆಯಲು ಯಾವ ಕೋಲೂ ಒದಗದು. ಆಚಾರ್ಯನು ತೆರಪನ್ನು ಬಿಟ್ಟು ಸುತ್ತಲಿನದನ್ನು ನೋಡಿದನು. ನಾಲ್ಕು ರೊಟ್ಟಿಗಳ ನಡುಬಿಂದುಗಳನ್ನು ಸೇರಿಸಿದರೆ ವ್ಯಾಸದಷ್ಟೇ ಭುಜವಿರುವ ಒಂದು ಚೌಕ. ಅದರೊಳಗೆ ಪ್ರತಿಯೊಂದು ರೊಟ್ಟಿಯ ಕಾಲುಭಾಗ, ಒಟ್ಟಿಗೆ ಒಂದು ರೊಟ್ಟಿ. ಆದುದರಿಂದ ವ್ಯಾಸದ ವರ್ಗದಲ್ಲಿ ಒಂದು ವೃತ್ತದ ಕ್ಷೇತ್ರಫಲವನ್ನು ಕಳೆದರೆ ತೆರಪಿನ ಕ್ಷೇತ್ರಫಲ. ಮೂರು ರೊಟ್ಟಿಗಳಾದರೆ ನಡುಬಿಂದುಗಳನ್ನು ಸೇರಿಸಿದಾಗ ಸಮಬಾಹು ತ್ರಿಕೋನ. ಅದರಲ್ಲಿ ಅರ್ಧ ವೃತ್ತವನ್ನು ಕಳೆಯಬೇಕು. ಇಂದಿನ ಪಠ್ಯಪುಸ್ತಕ ಕಲಿಸುವ ಕ್ರಮವೂ ಅಕ್ಷರಶಃ ಇದೇ. ತಿಳಿಯದುದನ್ನು ತಿಳಿದುದರ ಮೂಲಕ ಹಿಡಿಯುವುದು ಈ ಲೆಕ್ಕದ ಪ್ರಾಣ.

ಇಷ್ಟು ಹೇಳಿ ನಿಲ್ಲಿಸಿದರೆ ಆಚಾರ್ಯನ ಅರ್ಧ ಗುಣವನ್ನಷ್ಟೆ ಹೇಳಿದಂತಾದೀತು. ಆತನು ಒಂದೊಂದು ಕ್ಷೇತ್ರಕ್ಕೂ ಎರಡೆರಡು ಬಗೆಯ ಲೆಕ್ಕವನ್ನು ಕೊಡುತ್ತಾನೆ. ಒಂದು ವ್ಯಾವಹಾರಿಕ, ಎಂದರೆ ಅವಸರದ ಕೆಲಸಕ್ಕೆ ಸಾಕಾಗುವಂಥದು; ಇನ್ನೊಂದು ಸೂಕ್ಷ್ಮ. ವೃತ್ತದ ಪರಿಧಿ ವ್ಯಾಸದ ಮೂರು ಪಾಲೆಂಬುದು ವ್ಯಾವಹಾರಿಕ. ೧೦ರ ವರ್ಗಮೂಲದಷ್ಟು, ಎಂದರೆ ಸುಮಾರು ೩.೧೬೨ ಪಾಲೆಂಬುದು ಸೂಕ್ಷ್ಮ. ತೆರಪಿಗೂ ಹಾಗೆಯೇ ಒಂದು ವ್ಯಾವಹಾರಿಕ ಸೂತ್ರವಿದೆ. ಯಾವುದು ಸ್ಥೂಲ, ಯಾವುದು ಸೂಕ್ಷ್ಮ ಎಂದು ಮುಚ್ಚುಮರೆಯಿಲ್ಲದೆ ಬೇರೆ ಬೇರೆ ಹೆಸರಿಟ್ಟು ಹೇಳುವ ಈ ಪ್ರಾಮಾಣಿಕತೆಗೆ ಎಷ್ಟು ಬೆಲೆಯಿದೆಯೆಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ನಮ್ಮ ಮನೆಯ ಹಿಸ್ಸೆಯಿಂದ ತಿಳಿದದ್ದು.

ಬ್ಯಾಡಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ನಮ್ಮ ಮನೆತನಕ್ಕೆ ಒಂದು ಹಳೆಯ ಕಣವಿದೆ. ಹಿಂದೆ ಅದರಲ್ಲಿ ಜೋಳ ಒಕ್ಕುತ್ತಿದ್ದರು. ಈಗ ಮೆಣಸಿನಕಾಯಿ ಒಣಹಾಕುತ್ತೇವೆ. ೪೨ ಅಡಿ ಚೌಕದ ಜಾಗದಲ್ಲಿ ನಾಲ್ಕೂ ಬದಿಗೆ ತಾಗುವಂತೆ ದುಂಡಗೆ ಮಾಡಿದ ಕಣ ಅದು. ಹಿಸ್ಸೆಯಾದಾಗ ಕಣವನ್ನು ಎಲ್ಲರಿಗೂ ಸೇರಿದ್ದೆಂದು ಇಟ್ಟು, ನಾಲ್ಕು ಮೂಲೆಗಳನ್ನು ಎಲ್ಲರಿಗಿಂತ ಕಿರಿಯನಾದ ಕಾಕಾನಿಗೆ ಬಿಡುವುದೆಂದೂ, ಅದಕ್ಕೆ ಸಮನಾಗಿ ಆತನು ದಾರಿಯ ಬದಿಯ ಹೊಲದಲ್ಲಿ ಅಷ್ಟೇ ನೆಲವನ್ನು ಬಿಟ್ಟುಕೊಡಬೇಕೆಂದೂ ಮಾತಾಯಿತು. ಹಿರಿಯರು ಮೂರು ಪಾಲಿನ ಲೆಕ್ಕದಿಂದ ಕಣಕ್ಕೆ ೧೩೨೩ ಚದರ ಅಡಿ ಹಾಕಿದರು. ಚೌಕದ ೧೭೬೪ರಲ್ಲಿ ಅದು ಹೋಗಿ ೪೪೧ ಮೂಲೆಗಳ ಪಾಲಿಗೆ ಬಂದಿತು. ನಾಲ್ಕು ವೃತ್ತಗಳ ನಡುವಣ ತೆರಪೂ ಒಂದು ವೃತ್ತದ ಹೊರಗಿನ ನಾಲ್ಕು ಮೂಲೆಗಳೂ ಒಟ್ಟಿನಲ್ಲಿ ಒಂದೇ ಅಳತೆ. ಆಚಾರ್ಯನ ವ್ಯಾವಹಾರಿಕ ಸೂತ್ರವೂ ಇಲ್ಲಿ ೪೪೧ನ್ನೇ ಕೊಡುತ್ತದೆ. ೨೨/೭ರಿಂದ ಎಣಿಸಿದಾಗ ಮಾತ್ರ ಕಣ ೧೩೮೬, ಮೂಲೆಗಳು ೩೭೮. ಕಾಕಾ ತನಗೆ ಬಾರದ ೬೩ ಚದರ ಅಡಿಗೆ ಬೇರೆ ಕಡೆ ನೆಲ ಕೊಡಬೇಕಾಗಿತ್ತು. ನಾನು ಅಂಕಿಗಳನ್ನು ಹೇಳಿದರೆ ಯಾರೂ ಒಪ್ಪುವಂತಿರಲಿಲ್ಲ. ಕೊನೆಗೆ ದೊಡ್ಡಪ್ಪನೇ ಮೂರು ಪಾಲಿನಂತೆ ೧೨೬ ಅಡಿ ಹಗ್ಗವನ್ನು ಅಳೆದು ಕಣದ ಸುತ್ತ ಹಾಯಿಸಿದರು. ಹಗ್ಗದ ಎರಡು ತುದಿ ಕೂಡಲಿಲ್ಲ. ಆರು ಅಡಿ ಕಡಿಮೆ ಬಿದ್ದಿತು. ಆಮೇಲೆ ಯಾರೂ ವಾದಿಸಲಿಲ್ಲ. ಕಾಕಾನ ಲೆಕ್ಕವನ್ನು ೩೭೮ಕ್ಕೆ ಇಳಿಸಿ ಬರೆದರು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಸ್ಥೂಲ ಲೆಕ್ಕದಿಂದ ಕಣದಲ್ಲಿ ಬಂದ ವ್ಯತ್ಯಾಸ ಇಪ್ಪತ್ತೆರಡರಲ್ಲಿ ಒಂದು ಪಾಲು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದೇ ೬೩ ಅಡಿ ಮೂಲೆಗಳ ಲೆಕ್ಕಕ್ಕೆ ಸೇರಿದಾಗ ಆರರಲ್ಲಿ ಒಂದು ಪಾಲಾಗುತ್ತದೆ. ದೊಡ್ಡದರಲ್ಲಿ ಮಾಡಿದ ಚಿಕ್ಕ ತಪ್ಪು ಉಳಿದದ್ದರಲ್ಲಿ ದೊಡ್ಡದಾಗಿ ಕಾಣುತ್ತದೆ. ಮೂರು ವೃತ್ತಗಳ ನಡುವಣ ತೆರಪಿನಲ್ಲಿ ಇದು ಇನ್ನೂ ಹೆಚ್ಚು. ವ್ಯಾಸ ೪೨ ಆದರೆ ಆ ತೆರಪಿನ ನಿಜವಾದ ಅಳತೆ ಸುಮಾರು ೭೧. ವ್ಯಾವಹಾರಿಕ ಸೂತ್ರದಂತೆ ಅದು ೨೨೦ಕ್ಕೆ ಏರುತ್ತದೆ. ಆಚಾರ್ಯನ ಸೂಕ್ಷ್ಮ ಸೂತ್ರವು ೬೬ಕ್ಕೂ ಮೇಲೆ, ನಿಜಕ್ಕೆ ಬಹು ಹತ್ತಿರ ಬಂದು ನಿಲ್ಲುತ್ತದೆ. ಊರುಗಳಲ್ಲಿ ಉಳಿದ ಮೂಲೆ, ಉಳಿದ ಪಟ್ಟಿ ಸಾಮಾನ್ಯವಾಗಿ ಯಾರ ಪಾಲಿಗೆ ಬರುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಬಲವುಳ್ಳವರು ಚೌಕವಾದುದನ್ನು ತೆಗೆದುಕೊಂಡಮೇಲೆ ಕಿರಿಯರಿಗೂ ಬಡವರಿಗೂ ಅದು ಬರುತ್ತದೆ. ಅವರ ಪಾಲಿಗೆ ಸೂಕ್ಷ್ಮ ಗಣಿತವೆಂದರೆ ನ್ಯಾಯವೇ.

ಆಚಾರ್ಯನನ್ನು ಹೊಗಳುವ ಭರದಲ್ಲಿ ಆತನ ಕೊರತೆಗಳನ್ನು ಮರೆಮಾಡುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲದು. ಆರ್ಯಭಟನು ೪೯೯ರಲ್ಲಿಯೇ ಪರಿಧಿಗೆ ೩.೧೪೧೬ ಎಂಬ ಹೆಚ್ಚು ಸರಿಯಾದ ಅಂಕವನ್ನು ಕೊಟ್ಟಿದ್ದರೂ ಮಹಾವೀರನು ಜೈನ ಪರಂಪರೆಯ ೧೦ರ ವರ್ಗಮೂಲವನ್ನೇ ಹಿಡಿದನು. ದೀರ್ಘವೃತ್ತವನ್ನು ಕೈಗೆತ್ತಿಕೊಂಡ ಧೈರ್ಯ ಆತನದು. ಆದರೆ ಅದರ ಕ್ಷೇತ್ರಫಲಕ್ಕೆ ಆತನು ಕೊಟ್ಟ ಸೂತ್ರ ಸರಿಯಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಆತನು ಬರೆದದ್ದೂ ನಿಲ್ಲಲಿಲ್ಲ. ಮತ್ತೊಂದು ಕಡೆ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನೂ, ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವನೂ ಆತನೇ.

ಆತನ ಗ್ರಂಥದ ಮುಂದಿನ ಬಾಳು ಆತನ ಬಾಳಿಗಿಂತ ನಮಗೆ ಚೆನ್ನಾಗಿ ಗೊತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವನ್ನು ಕನ್ನಡದಲ್ಲಿಯೇ ಬರೆದು ಗಣಿತಕ್ಕೆ ಕನ್ನಡದ ನಾಲಿಗೆಯನ್ನು ಕೊಟ್ಟನು. ವಲ್ಲಭನೆಂಬ ಪಂಡಿತನು ಸಾರಸಂಗ್ರಹಕ್ಕೆ ಕನ್ನಡದಲ್ಲಿ ಟೀಕೆ ರಚಿಸಿದನು. ೧೯೧೨ರಲ್ಲಿ ಮದರಾಸಿನ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದಾಗ ಕನ್ನಡ ಲಿಪಿಯ ಹಸ್ತಪ್ರತಿಗಳು ಅವರ ನೆರವಿಗೆ ಬಂದವು. ಅಮೆರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜಿನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು. ೨೦೦೦ದಲ್ಲಿ ಹೊಂಬುಜದ ಜೈನ ಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದಿದೆ. ಹೀಗೆ ಕನ್ನಡ ನಾಡಿನಲ್ಲಿ ಹುಟ್ಟಿದ ಗ್ರಂಥ ಲೋಕವನ್ನು ಸುತ್ತಿ ಕನ್ನಡಕ್ಕೆ ಮರಳಿದೆ.

ಈಗ ಆತನ ಜೀವನಚರಿತ್ರೆಯ ಮಾತು. ಒಂದು ಕಡೆ ನೃಪತುಂಗನ ಆಳ್ವಿಕೆ, ಇನ್ನೊಂದು ಕಡೆ ಜಿನಸೇನಾದಿಗಳ ಪಾಂಡಿತ್ಯ, ಮತ್ತೊಂದು ಕಡೆ ಬ್ರಹ್ಮಗುಪ್ತನಿಂದ ಬಂದ ಶಾಸ್ತ್ರ, ನಾಲ್ಕನೆಯ ಕಡೆ ಆತನದೇ ಗ್ರಂಥ. ಇವು ನಾಲ್ಕೂ ನಮಗೆ ತಿಳಿದ ವೃತ್ತಗಳು. ಅವುಗಳ ನಡುವೆ ಉಳಿದ ತೆರಪೇ ಮಹಾವೀರಾಚಾರ್ಯನ ಬಾಳು. ಅದನ್ನು ನೇರವಾಗಿ ಅಳೆಯಲು ಕೋಲಿಲ್ಲದಿದ್ದರೂ ಸುತ್ತಲಿನ ರೇಖೆಗಳಿಂದ ಅದರ ಆಕಾರ ಕಾಣುತ್ತದೆ. ಕಲಿತದ್ದನ್ನು ಗುರುಗಳಿಗೆ ಒಪ್ಪಿಸಿ, ತನ್ನ ಸೂತ್ರಗಳಲ್ಲಿ ಸ್ಥೂಲವಾದುದನ್ನು ಸ್ಥೂಲವೆಂದೇ ಕರೆದ ಒಬ್ಬ ವಿನಯಶಾಲಿ ಅಲ್ಲಿ ಕುಳಿತಿದ್ದಾನೆ.

ಸಹಪಾಠಿಗಳೆ, ನಮ್ಮಲ್ಲಿ ಹಲವರು ನಾಳೆ ಗ್ರಾಮ ಆಡಳಿತಾಧಿಕಾರಿಗಳಾಗುವರು, ಶಿಕ್ಷಕರಾಗುವರು, ವಕೀಲರಾಗುವರು; ಉಳಿದವರು ಹೊಲಮನೆಗಳನ್ನು ನೋಡಿಕೊಳ್ಳುವರು. ನೆಲವನ್ನು ಪಾಲುಮಾಡುವ ಸಂದರ್ಭ ಎಲ್ಲರಿಗೂ ಬಂದೇ ಬರುವುದು. ಆಗ ಯಾರ ಪಾಲಿಗೆ ಮೂಲೆ ಬಂದಿದೆಯೋ ಆತನ ಪರವಾಗಿ ಒಂದು ಸಲ ಹಗ್ಗ ಹಿಡಿದು ಸುತ್ತ ಅಳೆದು ನೋಡುವುದು ನಮ್ಮ ಕರ್ತವ್ಯ. ಗಣಿತವನ್ನು ಬಾಳಿನ ಎಲ್ಲ ವಿದ್ಯೆಗಳ ಆಸರೆಯೆಂದು ನಂಬಿದ ಆ ಆಚಾರ್ಯನಿಗೆ ನಾವು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೆ ಇಲ್ಲ.